ಗುಡ್ಲು ಬ್ಯಾಡ ಅಂದ ಸಂಘಮಿತ್ರ

ಇಂಥ ವಿಷಯವನ್ನು ಮಕ್ಕಳ ಕತೆಯಲ್ಲಿ ಹೇಳಬಹುದೋ ಇಲ್ಲವೋ, ನನಗೆ ಸರಿಯಾಗಿ ತಿಳಿಯದು. ತಪ್ಪಾದರೆ ಮನ್ನಿಸಿ.

"ಸಿದ್ರಾಜು, ಬಿರ್ನೆ ಬಾಪ್ಪ! ನಿನ್ ತಂಗಿ ಮಗ್ಳು ದೊಡ್ಡೋಳಾದ್ಲು!"

ಅಜ್ಜಿ ಚಿಕ್ಕಸಿದ್ದಮ್ಮ ಫೋನಿನಲ್ಲಿ ಕೂಗುತ್ತಿದ್ದಳು. ಕಂಪಲಾಪುರದ ಸೋದರಮಾವ ತೆಂಗಿನ ಗರಿ ತಂದು ಗುಡ್ಲು, ಅಂದರೆ ಪುಟ್ಟ ಗುಡಿಸಲು, ಕಟ್ಟಬೇಕು. ಅದರೊಳಗೆ ಸಂಘಮಿತ್ರಳನ್ನು ಕೂರಿಸಿ ಆರತಿ ಎತ್ತಬೇಕು. ಹುಡುಗಿ ಮೈನೆರೆದಾಗ ಊರಿನ ರೂಢಿ ಅದು.

ಬೆಳಿಗ್ಗೆ ಬಟ್ಟೆ ಒಗೆಯುವಾಗ ಅವ್ವ ಅವಳ ಚಡ್ಡಿಯಲ್ಲಿ ರಕ್ತದ ಕಲೆ ನೋಡಿದ್ದಳು.

"ಇನ್ನೂ ಐದ್ನೇ ಕ್ಲಾಸು ಕಣತ್ತೆ!"

"ಈಗಿನ್ ಮಕ್ಳು ಅಂಗೇ ಕಣಮ್ಮಿ, ಬುಡು" ಎಂದ ಅಜ್ಜಿ ಚಿಗಳಿ ಉಂಡೆಗೆ ಎಳ್ಳು ಹುರಿಯಲು ಕುಳಿತಳು.

ಸಂಘಮಿತ್ರ ಗೋಡೆಗೆ ಒರಗಿ ನಿಂತಿದ್ದಳು. ರಕ್ತ ಬಂದದ್ದು ಕಕ್ಕಸಿಗೆ ಹೋದಾಗ, ಮಲದ ಜೊತೆ. ನಿನ್ನೆ ಸ್ಕೂಲಿನಲ್ಲೂ ಬಂದಿತ್ತು. ನೋವೇ ಇರಲಿಲ್ಲ. ಅದನ್ನು ಹೇಗೆ ಹೇಳುವುದು? ತಮ್ಮ ಚೇತನ್ ಕೇಳಿಸಿಕೊಂಡರೆ ಸ್ಕೂಲಿಗೆಲ್ಲ ಸಾರುತ್ತಾನೆ.

ಮಾವ ಆಟೋದಲ್ಲಿ ಗರಿ ತುಂಬಿಕೊಂಡು ಬಂದ. "ಏನವ್ವ ಮಾರಾಣಿ, ಅರಮನೆ ಎಲ್ ಕಟ್ಲಿ?"

ನಗಲು ಹೋದವಳಿಗೆ ತಲೆ ಸುತ್ತಿತು. ಆಟೋದ ಪಕ್ಕದಲ್ಲೇ ಕುಸಿದು ಕುಳಿತಳು.

"ನಾಚ್ಕಂಡವ್ಳೆ" ಅಜ್ಜಿ ನಕ್ಕಳು. "ಮೂರ್ ದಿನ ಗುಡ್ಲಲ್ಲಿದ್ರೆ ಸರೋಯ್ತದೆ."

ಮೂರು ದಿನ! ಅಷ್ಟರಲ್ಲಿ ಇನ್ನೆಷ್ಟು ರಕ್ತ ಹೋಗುತ್ತದೋ.

"ಗುಡ್ಲು ಬ್ಯಾಡ ಅಜ್ಜಿ. ನೀವ್ ಅನ್ಕಂಡಿರೋದಲ್ಲ ಅದು. ಕಕ್ಕಸಿಗೆ ಹೋದ್ರೆ ರಕ್ತ ಬತ್ತದೆ. ಹಿಂದ್ಗಡೆಯಿಂದ."

ಚೇತನ್ ಕಿಸಕ್ಕನೆ ನಕ್ಕ. ಬೇರೆ ಯಾರೂ ನಗಲಿಲ್ಲ. ಅವ್ವ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಬಿಳಿಚಿಕೊಂಡಿತ್ತು.

"ಅಣ್ಣ, ಗರಿ ಇಳ್ಸು. ಆಸ್ಪತ್ರೆಗೆ ನಡಿ."

ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ಹಾಕಿದರು, ಸ್ಕ್ಯಾನ್ ಮಾಡಿದರು.

"ಸಣ್ಣ ಕರುಳಿಗೆ ಒಂದು ಪುಟ್ಟ ಚೀಲ ಅಂಟಿಕೊಂಡಿದೆ" ಎಂದರು ಡಾಕ್ಟರಮ್ಮ. "ಹುಟ್ಟುವಾಗಲೇ ಇದ್ದದ್ದು. ಅದರಿಂದ ಕರುಳಲ್ಲಿ ಹುಣ್ಣಾಗಿ ರಕ್ತ ಬರ್ತಿದೆ. ಆಪರೇಷನ್ ಮಾಡಿ ತೆಗೀತೀವಿ. ಇವಳು ಬಾಯಿ ಬಿಟ್ಟು ಹೇಳಿದ್ದು ಒಳ್ಳೇದಾಯ್ತು."

ಆಪರೇಷನ್ ಆದ ಮೇಲೆ ಅಜ್ಜಿ ಮಂಚದ ಪಕ್ಕದಲ್ಲೇ ಕುಳಿತಿದ್ದಳು.

"ಎಲ್ರ ಮುಂದೆ ಹೇಳೋಕೆ ನಾಚ್ಕೆ ಆಗ್ನಿಲ್ವೇನಮ್ಮಿ?"

"ಆಯ್ತು."

"ಹೇಳಿದ್ಮೇಲೆ ಹೋಯ್ತಾ?"

ಸಂಘಮಿತ್ರ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. "ಇಲ್ಲ. ಈಗ್ಲೂ ಐತೆ."

ಅಜ್ಜಿ ನಕ್ಕಳು. ಅವಳಿಗೂ ನಗು ಬಂತು. "ನಗುಸ್ಬ್ಯಾಡ, ಹೊಲಿಗೆ ನೋಯ್ತದೆ!"

ಹತ್ತು ವರ್ಷ ಸುಮ್ಮನಿದ್ದ ಚೀಲ ಈಗಲೇ ಯಾಕೆ ತೊಂದರೆ ಕೊಟ್ಟಿತು ಎಂದು ಅವಳು ಕೇಳಿದಾಗ ಡಾಕ್ಟರಮ್ಮ, "ಅದು ಹೇಳೋಕಾಗಲ್ಲ" ಎಂದರು. ನನಗೂ ಗೊತ್ತಿಲ್ಲ.