ಹೇಳಬಾರದ ಗ್ರಹಣ

ಪುಷ್ಯಮಾಸದ ಎಳೆಬಿಸಿಲು ಮಣಲೂರು ಪಟ್ಟಣದ ಕೋಟೆಯ ಮೇಲೆ ಹರಡಿ, ದೇವಾಲಯದ ಹೊಂಗಳಸಗಳನ್ನು ಬೆಳಗಿ, ಹೂವಾಡಗಿತ್ತಿಯರ ಬುಟ್ಟಿಯ ಸೇವಂತಿಗೆಯ ಮೇಲಿನ ಹನಿಗಳನ್ನು ಆರಿಸುತ್ತ ತುಂಗಭದ್ರೆಯ ಸ್ನಾನಘಟ್ಟದವರೆಗೆ ಇಳಿದು ಬರುತ್ತಿತ್ತು. ಅರಮನೆಯ ಹೆಬ್ಬಾಗಿಲ ಪಕ್ಕದ ಗಳಿಗೆಮಂಟಪದಲ್ಲಿ, ಸೂಜಿಮೊನೆಯಷ್ಟು ರಂಧ್ರವುಳ್ಳ ತಾಮ್ರದ ಬಟ್ಟಲು ನೀರು ತುಂಬಿ ಮುಳುಗಿದಾಗಲೆಲ್ಲ ಜಾಗಟೆ ಮೊಳಗುತ್ತಿತ್ತು. ಆ ಸದ್ದಿಗೆ ಅಂಗಡಿಗಳು ತೆರೆಯುತ್ತಿದ್ದವು, ಆನೆಗಳಿಗೆ ಮೇವು ಬೀಳುತ್ತಿತ್ತು, ರಾಜಸಭೆ ಕೂಡುತ್ತಿತ್ತು. ಆ ಮಂಟಪದ ಅಧಿಕಾರಿ ಗಣಕ ದಾಮಪಯ್ಯ. ಹಲಗೆಯ ಮೇಲೆ ಕವಡೆಗಳನ್ನು ಸರಿಸಿ ಸೂರ್ಯಚಂದ್ರರ ಗತಿಯನ್ನು ಎಣಿಸುವ ಆ ವೃದ್ಧನು ಮೂವತ್ತೆಂಟು ವರ್ಷಗಳಲ್ಲಿ ಸಾರಿದ ಗ್ರಹಣಗಳಲ್ಲಿ ಒಂದಾದರೂ ಹುಸಿಯಾಗಿರಲಿಲ್ಲ.

ಮಣಲೂರಿನ ಅರಸುಮನೆತನಕ್ಕೆ ಒಂದು ವ್ರತವಿತ್ತು. ಸೂರ್ಯಗ್ರಹಣವೆಂದು ಗಣಕನು ಸಭೆಯಲ್ಲಿ ಸಾರಿದರೆ, ಗ್ರಹಣ ಹಿಡಿಯುವ ಸ್ಪರ್ಶಕಾಲಕ್ಕೆ ಅರಸನು ಖಡ್ಗವನ್ನೂ ಕಾವಲನ್ನೂ ದಡದಲ್ಲೇ ಬಿಟ್ಟು, ಒಂದೇ ವಸ್ತ್ರವುಟ್ಟು, ಎದೆಮಟ್ಟದ ನೀರಿನಲ್ಲಿ ಒಬ್ಬನೇ ನಿಂತು ಗ್ರಹಣ ಬಿಟ್ಟು ಮೋಕ್ಷವಾಗುವವರೆಗೆ ಜಪಮಾಡಬೇಕು. ಬೇರೆ ಯಾವ ಕಾಲದಲ್ಲಿಯೂ ಈಗಿನ ಅರಸ ಕಂಚರಸದೇವನು ಒಂಟಿಯಾಗಿ ಯಾರಿಗೂ ಸಿಕ್ಕುವವನಲ್ಲ.

ಅಂದು ಬೆಳಿಗ್ಗೆ ದಂಡನಾಯಕ ಕೇತಮಲ್ಲನ ಪಲ್ಲಕ್ಕಿ ದಾಮಪಯ್ಯನನ್ನು ಕರೆದೊಯ್ದಿತು. ಉಪ್ಪರಿಗೆಯ ಕೋಣೆಗೆ ಆತ ಕಾಲಿಟ್ಟೊಡನೆ ಹಿಂದಿನಿಂದ ಅಗುಳಿ ಬಿತ್ತು.

“ಗಣಕರೇ, ಬರುವ ಅಮಾವಾಸ್ಯೆಗೆ ಗ್ರಹಣವಿದೆಯಂತಲ್ಲ?” ಎಂದನು ಕೇತಮಲ್ಲ. ಅವನ ಕೈಯಲ್ಲಿ ದಾಮಪಯ್ಯನ ಮನೆಯಿಂದಲೇ ತರಿಸಿದ ಓಲೆಗರಿ ಇತ್ತು.

“ಇದೆ. ಆದರೆ ಅದನ್ನು ಸಾರುವಂತಿಲ್ಲ, ದಂಡನಾಯಕರೇ. ಸೂರ್ಯಬಿಂಬ ಹನ್ನೆರಡಂಗುಲವೆಂದು ಎಣಿಸಿದರೆ ಇದರ ಗ್ರಾಸ, ಮರೆಯಾಗುವ ಪಾಲು, ಒಂದಂಗುಲಕ್ಕೂ ಕಡಿಮೆ. ಬಿಂಬದ ತೇಜಸ್ಸಿನಲ್ಲಿ ಯಾರ ಕಣ್ಣಿಗೂ ಬೀಳದು. ಇಂಥದ್ದನ್ನು ಶಾಸ್ತ್ರವು ಅನಾದೇಶ್ಯ, ಹೇಳಬಾರದ್ದು, ಎಂದು ವಿಧಿಸಿದೆ.”

“ಇದೆಯೋ ಇಲ್ಲವೋ, ಅಷ್ಟು ಹೇಳಿ.”

“ಇದೆ.”

“ಹಾಗಾದರೆ ನಿಮ್ಮಿಂದ ನಾನು ಸುಳ್ಳನ್ನೇನೂ ಕೇಳುತ್ತಿಲ್ಲ. ಇದ್ದದ್ದನ್ನು ಇದೆ ಎನ್ನಿ, ಸಾಕು. ನಿಮ್ಮ ಮನೆಯವರೂ ನಮ್ಮ ಅಂತಃಪುರದಲ್ಲೇ ಅತಿಥಿಯಾಗಿದ್ದಾರೆ. ಓಲೆಯಲ್ಲಿರುವುದಕ್ಕಿಂತ ಒಂದು ಮಾತು ಹೆಚ್ಚಾದರೆ ಆ ತಾಯಿ ಸಂಜೆಯನ್ನು ಕಾಣಲಾರರು.”

ಕೋಣೆಗೆ ಇದ್ದದ್ದು ಒಂದೇ ಗವಾಕ್ಷ. ಅದರ ಕೆಳಗೆ ದಂಡನಾಯಕನ ತಾವರೆಗೊಳ. ಮಧ್ಯಾಹ್ನ ಆರು ಮಂದಿ ಅದರೊಳಗಿಳಿದು, ಟೊಳ್ಳು ಜೊಂಡನ್ನು ಬಾಯಲ್ಲಿ ಕಚ್ಚಿಕೊಂಡು ತಲೆ ಮುಳುಗಿಸಿದರು. ಒಂದು ಗಳಿಗೆ ಕಳೆದರೂ ಮೇಲೇಳಲಿಲ್ಲ. ಆಮೇಲೆ ಒಬ್ಬನು ನೀರಿನಡಿಯಿಂದಲೇ ಬಂದು, ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿದ್ದ ಮರದ ಕಂಬದ ಬುಡವನ್ನು ತಬ್ಬಿ ಎಳೆದು ಮುಳುಗಿಸಿದನು. ದಾಮಪಯ್ಯನಿಗೆ ಸಂಚು ತಿಳಿಯಿತು. ನದಿಯೇ ಅರಸನನ್ನು ಸೆಳೆದುಕೊಂಡಿತೆಂದು ಲೋಕ ನಂಬುವುದು, ಒಂಬತ್ತು ತಿಂಗಳ ರಾಜಕುಮಾರನಿಗೆ ಪಟ್ಟವಾಗುವುದು, ಆಳುವವನು ಕೇತಮಲ್ಲ!

ಮೂರು ದಿನ ಆತ ಆ ನಾಲ್ಕು ಗೋಡೆಗಳ ನಡುವೆ ತಿರುಗಿದನು. ಬಾಗಿಲಿಗೆ ಕಾವಲು, ಓಲೆಗೆ ಕಾವಲು, ಕೊನೆಗೆ ಸಂಧ್ಯಾವಂದನೆಯ ತಂಬಿಗೆಗೂ ಕಾವಲು. ಎಷ್ಟು ವಿಧದಲ್ಲಿ ಕವಡೆಗಳನ್ನು ಸರಿಸಿದರೂ ಒಂದು ಕಡೆ ಹೆಂಡತಿಯ ಪ್ರಾಣ, ಇನ್ನೊಂದು ಕಡೆ ಅನ್ನವಿಟ್ಟ ಪ್ರಭುವಿನ ಪ್ರಾಣ ಉಳಿಯುತ್ತಿತ್ತೇ ಹೊರತು ಬೇರೆ ಶೇಷ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಹೆಂಡತಿ ರೇಬಕ್ಕನನ್ನು ಬಾಗಿಲವರೆಗೆ ಕರೆತಂದು ತೋರಿಸಿದರು.

“ಅಯ್ಯೋ, ಎಷ್ಟು ಇಳಿದುಹೋಗಿದ್ದೀರಿ!” ಎಂದಳು ಆಕೆ. “ನನ್ನ ಚಿಂತೆ ಬಿಡಿ. ಇವರ ಮನೇಲಿ ಬಂಗಾರದ ತಟ್ಟೆಗೇನೂ ಕಡಿಮೆಯಿಲ್ಲ, ಸಾರಿಗೆ ಮಾತ್ರ ಉಪ್ಪಿಲ್ಲ. ಕಲಿಸಿಕೊಡೋಣ ಅಂದ್ರೆ ಅಡುಗೆಯವಳಿಗೆ ಕೋಪ.” ಕಾವಲಿನವನು ನಕ್ಕುಬಿಟ್ಟನು. ರೇಬಕ್ಕನ ದನಿ ಮಾತ್ರ ತಗ್ಗಿತು. “ನಲವತ್ತು ವರ್ಷ ಬಾಳಿಸಿದ್ದೀರಿ. ಇನ್ನು ನನ್ನ ಮುಖ ನೋಡಿ ಧರ್ಮ ಬಿಡಬೇಡಿ.”

ಆಕೆ ಹೋದ ಮೇಲೆ ದಾಮಪಯ್ಯನಿಗೆ ಹಳೆಯದೊಂದು ಸಂಗತಿ ನೆನಪಾಯಿತು. ಕಂಚರಸದೇವನು ಕುಮಾರನಾಗಿ ತನ್ನ ಬಳಿ ಗಣಿತ ಕಲಿಯುತ್ತಿದ್ದಾಗ, ಇಂಥದೇ ಸಣ್ಣ ಗ್ರಹಣವನ್ನು ಹಿಗ್ಗಿನಿಂದ ತಾಯಿಗೆ ಹೇಳಿದ್ದನು; ಆಕೆ ಹಗಲಿಡೀ ಉಪವಾಸವಿದ್ದು ಏನನ್ನೂ ಕಾಣದೆ ನೊಂದುಕೊಂಡಿದ್ದಳು. ಅಂದು ಗುರುವು ಶಿಷ್ಯನನ್ನು ನಿಲ್ಲಿಸಿ ಇಂಥದನ್ನು ಹೇಳಬಾರದೆಂಬ ನಿಯಮವನ್ನು ನೂರು ಸಲ ಹೇಳಿಸಿದ್ದನು.

ಆತನು ಓಲೆ ಬರೆದನು: ಸ್ಪರ್ಶ, ಮಧ್ಯ, ಮೋಕ್ಷ, ಕೊನೆಯಲ್ಲಿ, ಗ್ರಾಸ ಅಂಗುಲದ ಮೂರು ಪಾಲಿನಲ್ಲಿ ಎರಡು ಪಾಲು.

“ಈ ಅಳತೆ ಯಾಕೆ?” ಎಂದನು ಕೇತಮಲ್ಲ.

“ಅಳತೆಯಿಲ್ಲದ ಓಲೆಯನ್ನು ಸಭೆ ಒಪ್ಪದು.”

“ಇರಲಿ ಬಿಡಿ. ಗ್ರಹಣ ಸಣ್ಣದಾದರೇನು, ಮುಳುಗುವವನು ಪೂರ್ತಿಯೇ ಮುಳುಗುತ್ತಾನೆ.”

ಸಭೆಯಲ್ಲಿ ದಾಮಪಯ್ಯನು ಓಲೆಯನ್ನು ಓದಿದನು. ಅಳತೆಯ ಬಳಿ ಸ್ವರವನ್ನು ತುಸು ನಿಧಾನಿಸಿ ಅರಸನ ಮುಖವನ್ನು ನೋಡಿದನು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನಮ್ಮ ಗಣಕರ ಮಾತು ಎಂದು ಹುಸಿಯಾಗಿದೆ? ಸ್ನಾನಕ್ಕೆ ಸಿದ್ಧಮಾಡಿಸಿ,” ಎಂದನು ಕಂಚರಸದೇವ.

ಮರೆತಿದ್ದಾನೆ! ದಾಮಪಯ್ಯನು ಮತ್ತೆ ಅದೇ ಕೋಣೆಗೆ ಬಂದು ಬಿದ್ದನು. ಹಿಂದೆ ಅಗುಳಿಯಷ್ಟೇ ಬಿದ್ದಿತ್ತು. ಈಗ ಆಕಾಶವೇ ಮುಚ್ಚಿಕೊಂಡಂತಾಯಿತು. ಶಾಸ್ತ್ರವೂ ಭಂಗವಾಯಿತು, ಪ್ರಭುವೂ ಉಳಿಯಲಿಲ್ಲ.

ಅಮಾವಾಸ್ಯೆಯ ದಿನ ಘಟ್ಟದ ತುಂಬ ಜನ, ನೀರಿನಲ್ಲಿ ಅಂಬಿಗರ ಹರಿಗೋಲುಗಳು. ದಡದ ಕಲ್ಲಿನ ಮೇಲೆ ಗಳಿಗೆಬಟ್ಟಲು. ಅದರ ಪಕ್ಕದಲ್ಲಿ ಸೂರ್ಯನ ಪ್ರತಿಬಿಂಬವನ್ನು ನೋಡಲು ಹರಳೆಣ್ಣೆ ತುಂಬಿದ ಕರಿಯ ತಟ್ಟೆ. ದಾಮಪಯ್ಯನ ಬೆನ್ನಿಗೆ ಅಂಟಿದಂತೆ ಕೇತಮಲ್ಲ. ಎಡಗಡೆ ಜೊಂಡಿನ ಮೆಳೆ. ಅದರಲ್ಲಿ ಆರು ಜೊಂಡುಗಳು ಗಾಳಿಗೆ ಅಲುಗುತ್ತಿರಲಿಲ್ಲ.

ಅರಸನು ಖಡ್ಗವನ್ನು ಕಾವಲಿನವನ ಕೈಗಿತ್ತು ನೀರಿಗಿಳಿದನು. ಮೊಣಕಾಲು. ಸೊಂಟ. ಬಟ್ಟಲು ಮುಳುಗಿತು. ಎಣ್ಣೆಯೊಳಗಿನ ಸೂರ್ಯನ ಅಂಚಿನಲ್ಲಿ, ಉಗುರಿನಿಂದ ಗೀರಿದಷ್ಟು ಸಣ್ಣ ಕಪ್ಪು ಕಚ್ಚು ಮೂಡಿತು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

“ಶಂಖ ಊದಿ,” ಎಂದು ಪಿಸುಗುಟ್ಟಿದನು ಕೇತಮಲ್ಲ.

ದಾಮಪಯ್ಯನು ಸ್ಪರ್ಶವನ್ನು ಸಾರುವ ಶಂಖವನ್ನು ಕೆಳಗಿಟ್ಟನು. ರೇಬಕ್ಕನ ಮುಖ ಒಮ್ಮೆ ಕಣ್ಣಮುಂದೆ ಬಂದು ನಿಂತಿತು. ಆತನು ಎರಡೂ ಕೈಗಳನ್ನೆತ್ತಿ, ಜನ್ಮದಲ್ಲಿ ಆಡದ ಮಾತನ್ನು ಆಡಿದನು:

“ಪ್ರಭು, ಗ್ರಹಣವಿಲ್ಲ! ನನ್ನ ಲೆಕ್ಕ ತಪ್ಪಿತು! ಮೇಲೆ ಬನ್ನಿ!”

ಘಟ್ಟವೆಲ್ಲ ಗೊಳ್ಳೆಂದಿತು. “ಮುದುಕನಿಗೆ ಅರಳುಮರಳು!” “ಉಪವಾಸ ಮಾಡಿಸಿದೆಯಲ್ಲಯ್ಯ, ಊಟ ನೀನು ಹಾಕ್ತೀಯಾ?” ಕೇತಮಲ್ಲನು ಕಠಾರಿಗೆ ಕೈಹಾಕಿದನು. ಅಷ್ಟರಲ್ಲಿ ಹಿಂದಿದ್ದ ಇಬ್ಬರು ಯಾತ್ರಿಕರು ಅವನ ತೋಳುಗಳನ್ನು ಹಿಡಿದು ತಿರುಚಿದರು. ಹರಿಗೋಲುಗಳಲ್ಲಿದ್ದ ಅಂಬಿಗರು ಜೊಂಡಿನ ಮೆಳೆಗೆ ಬಲೆ ಬೀಸಿ ಎಳೆದರು. ಅವರು ಯಾತ್ರಿಕರೂ ಅಲ್ಲ, ಅಂಬಿಗರೂ ಅಲ್ಲ, ಗಡಿಕೋಟೆಯಿಂದ ಸದ್ದಿಲ್ಲದೆ ಕರೆಸಿದ ಅರಸನ ಭಟರು.

ಕಂಚರಸದೇವನು ತೊಯ್ದ ಬಟ್ಟೆಯಲ್ಲೇ ಮೇಲೆ ಬಂದನು. “ಗುರುಗಳೇ, ಇನ್ನು ನಾಲ್ಕು ಉಸಿರು ತಡೆದಿದ್ದರೆ ಆರೂ ಮೀನು ಬಲೆಗೆ ಬೀಳುತ್ತಿದ್ದವು. ಈಗ ಐದೇ.”

“ಪ್ರಭು... ಮರೆತಿರಲಿಲ್ಲವೇ?”

“ನೂರು ಸಲ ಹೇಳಿಸಿದ್ದನ್ನು ಮರೆಯುವುದುಂಟೆ? ಹೇಳಬಾರದ್ದನ್ನು ನೀವು ಹೇಳಿದಿರಿ ಎಂದಾಗಲೇ ನಿಮ್ಮ ಕುತ್ತಿಗೆಯ ಮೇಲೆ ಯಾರದೋ ಕತ್ತಿಯಿದೆ ಎಂದು ತಿಳಿಯಿತು. ಉಳಿದದ್ದನ್ನು ನಮ್ಮ ಬೇಹಿನವರು ಪತ್ತೆಮಾಡಿದರು. ಅಮ್ಮನವರನ್ನು ಬೆಳಿಗ್ಗೆಯೇ ಬಿಡಿಸಿದ್ದೇವೆ. ಈಗ ಅರಮನೆಯ ಅಡುಗೆಯವರನ್ನು ಬೈಯುತ್ತಿದ್ದಾರೆ.”

ದಾಮಪಯ್ಯನ ಕಣ್ಣುಗಳು ತುಂಬಿ ಬಂದವು. ಅರಸನು ಎಣ್ಣೆಯ ತಟ್ಟೆಗೆ ಬಾಗಿ ಬಹಳ ಹೊತ್ತು ನೋಡಿದನು.

“ಲೆಕ್ಕ ಸರಿಯಾಗಿಯೇ ಇದೆ. ಈಗಲೇ ಡಂಗುರ ಸಾರಿಸುತ್ತೇನೆ.”

“ಬೇಡ, ಪ್ರಭು. ಸಾರಬಾರದ್ದನ್ನು ಸಾರಿದೆ, ಕಂಡದ್ದನ್ನು ಇಲ್ಲವೆಂದೆ. ಎರಡೂ ನನ್ನ ದೋಷ. ಜನರ ಪಾಲಿಗೆ ಈ ಗ್ರಹಣ ಇಲ್ಲದಿರುವುದೇ ಶಾಸ್ತ್ರಸಮ್ಮತ. ನಾಳೆಯಿಂದ ಮಂಟಪಕ್ಕೆ ಬೇರೆಯವರನ್ನು ನೇಮಿಸಿ.”

ಅರಸನು ಕಾವಲಿನವನಿಂದ ಖಡ್ಗವನ್ನು ತೆಗೆದುಕೊಂಡು, ಕವಡೆಯ ಹೊರತು ಮತ್ತೇನನ್ನೂ ಹಿಡಿದು ತಿಳಿಯದ ಆ ಕೈಗಳಲ್ಲಿ ಇಟ್ಟನು.

“ಕಂಡವರಿಗಂತೂ ಸ್ನಾನ ತಪ್ಪದಲ್ಲ. ಮೋಕ್ಷವಾದಾಗ ಕರೆಯಿರಿ,” ಎಂದು ಹೇಳಿ, ನಗುತ್ತ ಚದುರುತ್ತಿದ್ದ ಜನರ ಕಡೆಗೆ ಬೆನ್ನು ಮಾಡಿ, ಒಬ್ಬನೇ ಮತ್ತೆ ನೀರಿಗಿಳಿದನು.