ಹದಿನೇಳನೇ ತೂತು

"ಒಂಬತ್ತನೇ ಕ್ಲಾಸ್ ಬಿಟ್ಟೋನ್ಗೆ ವಿಎಲ್ಯಾನ್ ಅಂದ್ರೆ ಯಾವ್ದೋ ಹೊಸ ಟೊಮೆಟೊ ತಳಿ ಕಣ್ರೀ!"

ಮಾಲೂರಿನ ಸಸಿ ನರ್ಸರಿಯೊಂದರ ಆಫೀಸಿನಲ್ಲಿ ಇಂಜಿನಿಯರ್ ಅಮರನಾಥ್ ಕದಿರೇಶನನ್ನು ತೋರಿಸಿ ಹಾಗೆಂದಾಗ ಆರು ಜನ ನಕ್ಕರು. ಮ್ಯಾನೇಜರ್ ಸುನಂದ ಮೇಡಂ ನಗಲಿಲ್ಲ, ತಡೆಯಲೂ ಇಲ್ಲ. ಜೇಬಿನಲ್ಲಿ ನೀಲಿ ಹುರಿಯುಂಡೆ ಇಟ್ಟುಕೊಂಡು ಕೇಬಲ್ ಎಳೆಯುವ ಕದಿರೇಶ ತಾನೂ ನಕ್ಕ. ಆಮೇಲೆ ಅವನಿಗೆ ಉರಿದದ್ದೇ ಅದಕ್ಕೆ. ಬೈಸಿಕೊಂಡಿದ್ದಲ್ಲದೆ ಹಲ್ಲು ಬೇರೆ ಕಿಸಿದ ದಡ್ಡ ಶಿಖಾಮಣಿ.

ಬರುವ ತಿಂಗಳು ಅವನನ್ನು ಕಾಯಂ ಮಾಡುವ ಮಾತಿತ್ತು. ಕೊರಳಿನ ಐಡಿ ಕಾರ್ಡನ್ನು ತನ್ನೂರು ಟೇಕಲ್‌ವರೆಗೂ ಬಸ್ಸಿನಲ್ಲಿ ಮೆರೆಸಿಕೊಂಡು ಹೋಗುವವನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಅದಕ್ಕೂ ಮುಂಚೆ ಅಮರನಾಥ್ ಇದೇ ಆರು ಜನರ ಮುಂದೆ ಅವನ ಸಹಾಯ ಕೇಳಬೇಕು, ಅದು ಅವನ ಹಟ.

ಉಪಾಯ ಮೂರು ದಿನದಲ್ಲಿ ಹಣ್ಣಾಯಿತು. ಆರ್ಡರ್ ಪಟ್ಟಿ ಇದ್ದದ್ದು ಲಿನಕ್ಸ್ ಯಂತ್ರದಲ್ಲಿ. ಅದನ್ನು ಓದುವ ಕಂಪ್ಯೂಟರುಗಳೆಲ್ಲ ವಿಂಡೋಸ್. ಎರಡಕ್ಕೂ ಅತ್ತೆ ಸೊಸೆ ಜಗಳ ಇದ್ದದ್ದೇ. ಎಲ್ಲ ಕೇಬಲ್ಲುಗಳೂ ಬಂದು ಸೇರುವುದು ಬೀಜದ ಗೋದಾಮಿನ ಗೋಡೆಗಿದ್ದ ಸ್ವಿಚ್ ಪೆಟ್ಟಿಗೆಗೆ. ಕೇಬಲ್ ಚುಚ್ಚುವ ತೂತುಗಳ ಪೆಟ್ಟಿಗೆ ಒಂದೇ, ಒಳಗೆ ಊರು ಎರಡು: ಹನ್ನೆರಡನೇ ತೂತಿನವರೆಗೆ ಆಫೀಸಿನ ವಿಎಲ್ಯಾನ್, ಆಮೇಲಿನವು ಸಸಿ ಬೆಳೆಸುವ ಪಾಲಿಹೌಸಿಗೆ ನೀರು ಬಿಡುವ ಯಂತ್ರಗಳದ್ದು. ಈ ಊರಿನ ಮಾತು ಆ ಊರಿಗೆ ಕೇಳಿಸುವುದಿಲ್ಲ. ಲಿನಕ್ಸಿನ ಕೇಬಲನ್ನು ಏಳನೇ ತೂತಿನಿಂದ ಕಿತ್ತು ಹದಿನೇಳಕ್ಕೆ ಚುಚ್ಚಿದರೆ ಮುಗಿಯಿತು. ಎಲ್ಲ ಸರಿಯಿದೆಯೆಂಬಂತೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಓದಿದವನು ವಿಂಡೋಸನ್ನು ಬೈಯುತ್ತಾನೆ, ಫೈರ್‌ವಾಲ್ ತೆಗೆಯುತ್ತಾನೆ, ಪಾಸ್‌ವರ್ಡ್ ಬದಲಿಸುತ್ತಾನೆ. ಎದ್ದುಹೋಗಿ ಗೋದಾಮಿನ ಧೂಳು ಮಾತ್ರ ಮುಟ್ಟುವುದಿಲ್ಲ.

ಗುರುವಾರ ಹನ್ನೊಂದರ ಟೀಗೆ ಎಲ್ಲರೂ ಹೊರಗಿದ್ದಾಗ ಕದಿರೇಶ ಗೋದಾಮಿನೊಳಗೆ ಹೊಕ್ಕ. ಅಲ್ಲಿನ ಕ್ಯಾಮೆರಾ ಕೆಟ್ಟು ತಿಂಗಳಾಗಿತ್ತು. ರಿಪೇರಿ ಮಾಡಬೇಕಾಗಿದ್ದವನು ಅವನೇ. ತನ್ನ ಸೋಮಾರಿತನಕ್ಕೆ ದೂರದೃಷ್ಟಿ ಎಂದು ಹೆಸರಿಟ್ಟುಕೊಂಡ. ಬೆರಳಚ್ಚು ಬೀಳದಿರಲೆಂದು ಔಷಧಿ ಹೊಡೆಯುವ ಗ್ಲೌಸು ತೊಟ್ಟ. ಪೆಟ್ಟಿಗೆಯ ತುಂಬ ಎರಡು ವರ್ಷದಿಂದ ತನ್ನ ಬೆರಳಚ್ಚೇ ಇದೆಯೆಂದು ಹೊಳೆದು, ನಾಚಿ, ಬಿಚ್ಚಿದ. ಕಿತ್ತ, ಚುಚ್ಚಿದ, ಎಂದಿನಂತೆ ಅಚ್ಚುಕಟ್ಟಾಗಿ ಮುಗಿಸಿ ಬಂದು ಟೀ ಕುಡಿದ.

ಆರ್ಡರ್ ಪಟ್ಟಿ ಯಾವ ಕಂಪ್ಯೂಟರಿನಲ್ಲೂ ತೆರೆಯದೆ ಅಮರನಾಥ್ ನಾಲ್ಕು ಗಂಟೆಯವರೆಗೆ ಬೆವರಿದ. ಮೂರು ಕಂಪ್ಯೂಟರುಗಳಿಗೆ ವಿಂಡೋಸನ್ನೇ ಹೊಸದಾಗಿ ಹಾಕಿದ. ಕೊನೆಗೆ ಆರೂ ಜನರ ಮುಂದೆ ಬಾಯಿಬಿಟ್ಟ: "ಏಮಪ್ಪಾ ಕದಿರೇಶ, ನೀನೊಂದ್ಸಲ ನೋಡು."

ಕದಿರೇಶ ಮದುವೆ ಮೆರವಣಿಗೆಯ ಗಂಡಿನಂತೆ ಎಲ್ಲರನ್ನೂ ಗೋದಾಮಿಗೆ ಕರೆದೊಯ್ದ. ಪೆಟ್ಟಿಗೆ ತೆರೆದು ಹದಿನೇಳನೇ ತೂತು ತೋರಿಸಿದ. ಬಸ್ಸಿನಲ್ಲಿ ಉರುಹೊಡೆದಿದ್ದ ಮಾತು ಸರಾಗವಾಗಿ ಬಂತು: "ಇಲಿ ಎಳ್ದು ಬೀಳ್ಸೈತೆ ಸಾರ್. ಯಾರೋ ಗೊತ್ತಿಲ್ದೆ ಸಿಕ್ಕಿದ್ ತೂತಿಗೆ ಚುಚ್ಚವ್ರೆ. ಇದಕ್ಕೆಲ್ಲ ಓದ್ಬೇಕಾ?"

ಆರು ಜನ ಮತ್ತೆ ನಕ್ಕರು, ಈ ಸಲ ಅಮರನಾಥನನ್ನು ನೋಡಿ.

ಸುನಂದ ಮೇಡಂ ಮಾತ್ರ ಬಗ್ಗಿ ನೋಡುತ್ತಿದ್ದರು. ಅವರದು ಆವನಿ ಕಡೆಯ ಊರು, ಮನೆಯಲ್ಲಿ ಟೊಮೆಟೊ ತೋಟ. ಹದಿನೇಳರ ಕೇಬಲನ್ನು ಪಕ್ಕದ ಕಂಬಿಗೆ ಕಟ್ಟಿದ್ದ ಹೊಸ ನೀಲಿ ಹುರಿಯನ್ನು ಬೆರಳಲ್ಲಿ ಎತ್ತಿದರು. ಇಂಗ್ಲಿಷ್ ಎಂಟರ ಆಕಾರದ ಸಡಿಲ ಗಂಟು. ಕಾಂಡ ನಲುಗದಂತೆ ಟೊಮೆಟೊ ಗಿಡವನ್ನು ಕೋಲಿಗೆ ಕಟ್ಟುವುದು ಹಾಗೆ. ಕದಿರೇಶನಿಗೆ ಅವ್ವ ಆಂಜಿನಮ್ಮ ಕಲಿಸಿದ್ದು. ಜೋತುಬಿದ್ದ ಗಿಡವಾಗಲಿ ಕೇಬಲ್ಲಾಗಲಿ, ಕಂಡರೆ ಕಟ್ಟದೆ ಬಿಡುವ ಕೈಯಲ್ಲ ಅದು. "ಇಲಿ ಎಳೀತು, ಯಾರೋ ಚುಚ್ಚಿದ್ರು, ಸರಿ ಕಣಪ್ಪ," ಎಂದರು ಮೇಡಂ. "ಗಂಟೂ ಹಾಕ್ಬಿಟ್ಟು ಹೋದ್ರಾ?" ಎಲ್ಲರ ಕಣ್ಣೂ ಅವನ ಜೇಬಿಗೆ ಹೊರಳಿದವು. ಅಲ್ಲಿಂದ ಅದೇ ನೀಲಿ ಹುರಿ ಒಂದು ಗೇಣು ಇಳಿಬಿದ್ದಿತ್ತು. ಕದಿರೇಶ ಕೊರಳಿನ ಕಾರ್ಡ್ ತೆಗೆದು ಪೆಟ್ಟಿಗೆಯ ಮೇಲಿಟ್ಟು, ಟೇಕಲ್ ಬಸ್ಸಿನ ಕಡೆ ನಡೆದ.