ಜೋಡಿ ಸೈಕಲ್ಲಿನ ಹಿಂದಿನ ಸೀಟು

ಹ್ಯೂಸ್ಟನ್ ಹತ್ತಿರದ ಸ್ಟಾಫರ್ಡ್‌ನಲ್ಲಿರುವ ನಾನೂ ನನ್ನ ಹೆಂಡತಿ ನಿಶಿತಾಳೂ ಹೋದ ಬೇಸಿಗೆಯಲ್ಲಿ ಮೊದಲ ಬಾರಿ ಚೀನಾದ ಹಳೆಯ ರಾಜಧಾನಿ ಶಿಯಾನ್ ನೋಡಲು ಹೋದೆವು. ಕೋಟೆಗೋಡೆಯ ಮೇಲೆ ಸುತ್ತಲು ಅಲ್ಲೇ ಒಬ್ಬ ಮುದುಕನ ಅಂಗಡಿಯಲ್ಲಿ ಇಬ್ಬರು ತುಳಿಯುವ ಸೈಕಲ್ ಬಾಡಿಗೆಗೆ ಪಡೆದೆವು. ನಾನು ಮುಂದೆ ಕೂತೆ. ಹಿಂದೆ ಭಾರ ಬಿದ್ದದ್ದು ತಿಳಿದ ಕೂಡಲೇ ಹೊರಟೆ.

ಸುಡುಬಿಸಿಲಿನಲ್ಲೂ ಬೆನ್ನು ತಣ್ಣಗಾಗುತ್ತಿತ್ತು. ಹಸಿಮಣ್ಣಿನ ವಾಸನೆ ಬರುತ್ತಿತ್ತು.

"ಸುಸ್ತಾಯ್ತಾ?" ಎಂದೆ.

"ಹ್ಞೂಂ" ಎಂಬ ಉತ್ತರ ಬಂತು. ಸೊಂಟ ಹಿಡಿದ ಕೈ ಬಿಗಿಯಾಯಿತು.

ಆಗ ಫೋನ್ ಬಂತು. ನಿಶಿತಾಳ ದನಿ. "ನನ್ನ ಬಿಟ್ಟು ಎಲ್ಲಿಗೆ ಹೋದೆ? ಶೂ ಲೇಸ್ ಕಟ್ಕೊಳ್ತಿದ್ದೆ, ಎಷ್ಟು ಕೂಗಿದ್ರೂ ತಿರುಗ್ಲಿಲ್ವಲ್ಲ!"

ಹಿಂದೆ ನೋಡುವ ಧೈರ್ಯವಾಗಲಿಲ್ಲ. ಹೇಗೋ ತುಳಿದು ಅಂಗಡಿಯ ಮುಂದೆ ಅವಳಿದ್ದಲ್ಲಿಗೆ ಮರಳಿ, ಇಳಿದೆ.

ಸೈಕಲ್ ಅಂಗಡಿಯ ಮುದುಕ ಖಾಲಿಯಿದ್ದ ಹಿಂದಿನ ಸೀಟನ್ನು ಅಲುಗದಂತೆ ಹಿಡಿದು ಸ್ವಲ್ಪ ಹೊತ್ತು ಕಾದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.